ಮೇಷ್ಟ್ರ ಕಿವಿ

ಅವಳ ಬೆರಳು ಮೇಷ್ಟ್ರ ತೋಳನ್ನು ಒಮ್ಮೆ ಮೆಲ್ಲಗೆ ಒತ್ತಿತು. ಮೇಷ್ಟ್ರು ನಿಂತು ಬಲಗೈ ಮೇಲೆತ್ತಿದರು. ಕೆರೆಯ ಏರಿಯ ಮೇಲೆ ಹಿಂದೆ ಸಾಲಾಗಿ ಬರುತ್ತಿದ್ದವರೆಲ್ಲ ಅಲ್ಲಲ್ಲೇ ನಿಂತುಬಿಟ್ಟರು. ಯಾರದೋ ಬೂಟಿನಡಿ ಒಣಕಡ್ಡಿಯೊಂದು ಮುರಿಯಿತು, ಯಾರೋ ‘ಶ್’ ಅಂದರು.

ಅವಳು ಗಂಡನ ತೋಳನ್ನು ಕೂದಲೆಳೆಯಷ್ಟು ಎಡಕ್ಕೆ ಎಳೆದಳು.

“ನೊಣಹಿಡುಕ,” ಎಂದರು ಮೇಷ್ಟ್ರು ಪಿಸುದನಿಯಲ್ಲಿ. “ಎಡಗಡೆ. ನೀರಿನ ಮೇಲೆ ಬಾಗಿರೋ ಮರ ಇದೆಯಲ್ಲ, ಅದರ ಒಳಗಿದ್ದಾನೆ. ಸ್ವಲ್ಪ ತಡೀರಿ, ಈಗ ಹೊರಗೆ ಬರ್ತಾನೆ.”

ಎಲ್ಲರ ದುರ್ಬೀನುಗಳೂ ಆ ಕಡೆಗೆ ತಿರುಗಿದವು. ಚಿಗುರಿನ ಮರೆಯಿಂದ ಬೂದು ಬಣ್ಣದ ಪುಟ್ಟ ಹಕ್ಕಿಯೊಂದು ನೀರಿನ ಮೇಲಕ್ಕೆ ಚಿಮ್ಮಿ, ಗಾಳಿಯಲ್ಲೇ ಒಂದು ಹುಳುವನ್ನು ಹಿಡಿದು, ಮತ್ತೆ ಅದೇ ಕೊಂಬೆಗೆ ಬಂದು ಕೂತಿತು.

“ಅಬ್ಬಬ್ಬಾ, ಏನು ಕಿವಿ ಸಾರ್ ನಿಮ್ಮದು!” ಎಂದ ಔಷಧಿ ಅಂಗಡಿಯವನು. ಅವನ ಕುತ್ತಿಗೆಗೆ ಮಗುವಿನಷ್ಟು ಭಾರದ ಕ್ಯಾಮೆರಾ ನೇತುಬಿದ್ದಿತ್ತು. “ನಮಗೆ ಎದುರಿಗೆ ಬಂದು ಕೂತ್ರೂ ಕಾಣಲ್ಲ, ನಿಮಗೆ ಮರದ ಹೊಟ್ಟೆಯೊಳಗಿದ್ರೂ ಕೇಳಿಸುತ್ತೆ!”

ಮೇಷ್ಟ್ರು ನಕ್ಕು ಮುಂದೆ ನಡೆದರು. ಅವರ ಎಡತೋಳಿನ ಸಂದಿಯಲ್ಲಿ ಅವಳ ಬಲಗೈ ಎಂದಿನಂತೆ ತೂರಿಕೊಂಡೇ ಇತ್ತು.

ಚಳಿ ಬಿಟ್ಟು ಮರಗಳು ಚಿಗುರುವ ಹೊತ್ತಿಗೆ ಎಲ್ಲಿಂದೆಲ್ಲಿಂದಲೋ ಹಾರಿಬರುವ ಹಕ್ಕಿಗಳು ಆ ಕೆರೆಯಂಚಿನ ಕಾಡಿನಲ್ಲಿ ಇಳಿಯುತ್ತಿದ್ದವು. ಕೆಲವು ದಿನ ಹುಳುಹುಪ್ಪಟೆ ತಿಂದು, ಮೈ ತುಂಬಿಕೊಂಡು, ಯಾವುದೋ ಒಂದು ರಾತ್ರಿ ಯಾರಿಗೂ ಹೇಳದೆ ಕೇಳದೆ ಉತ್ತರಕ್ಕೆ ಹೊರಟುಬಿಡುತ್ತಿದ್ದವು. ಆ ಕೆಲವೇ ವಾರಗಳು ಊರಿನ ಹಕ್ಕಿ ನೋಡುವವರಿಗೆ ಹಬ್ಬ. ಭಾನುವಾರದ ಬೆಳಗ್ಗೆ ಬೆಳಕು ಹರಿಯುವ ಮೊದಲೇ ಕೆರೆಯ ಗೇಟಿನ ಮುಂದೆ ಸೇರುತ್ತಿದ್ದರು. ಮೇಷ್ಟ್ರು ಬರುವವರೆಗೆ ಯಾರೂ ಒಳಗೆ ಹೋಗುತ್ತಿರಲಿಲ್ಲ. ಕಾಲೇಜಿನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತರಾಗಿದ್ದ ಅವರು ಈ ಕೆರೆಯ ಹಕ್ಕಿಗಳ ಬಗ್ಗೆ ಪತ್ರಿಕೆಗೆ ಅಂಕಣ ಬರೆದವರು, ಈ ಗುಂಪನ್ನು ಕಟ್ಟಿದವರು. ಅವರ ಹೆಂಡತಿಗೆ ಗುಂಪಿನಲ್ಲಿ ಇದ್ದದ್ದು ಒಂದೇ ಹೆಸರು, ‘ಮೇಷ್ಟ್ರ ಮನೆಯವರು’. ಈ ವಯಸ್ಸಿನಲ್ಲೂ ಹೇಗೆ ತೋಳು ಹಿಡಿದು ನಡೀತಾರೆ ನೋಡಿ ಎಂದು ಗುಂಪಿನ ಹೆಂಗಸರು ತಮ್ಮ ತಮ್ಮ ಗಂಡಂದಿರಿಗೆ ಚುಚ್ಚುವುದಿತ್ತು.

ಮದುವೆಯಾದ ಹೊಸತರಲ್ಲಿ ಅವರಿಬ್ಬರೂ ಈ ಕೆರೆಗೆ ಬರುತ್ತಿದ್ದದ್ದು ಹಕ್ಕಿ ನೋಡುವುದಕ್ಕಲ್ಲ. ಮನೆ ತುಂಬ ಮೈದುನಂದಿರು, ನಾದಿನಿಯರು, ಬಾಗಿಲಿಗೆ ಚಿಲಕವೇ ಇಲ್ಲದ ಒಂದು ಕೋಣೆ. ಗಂಡಹೆಂಡತಿ ಎರಡು ಮಾತಾಡಬೇಕೆಂದರೂ ಊರಾಚೆ ನಡೆಯಬೇಕಿತ್ತು. ಆಗ ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ದಿನವಿಡೀ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತು, ‘ಹಲೋ’ ಅನ್ನುವ ಮೊದಲಿನ ಉಸಿರಿನಲ್ಲೇ ಮಾತಾಡುವವರು ಯಾರೆಂದು ಹೇಳಬಲ್ಲವಳಾಗಿದ್ದಳು. ಕೆರೆಯ ಏರಿಯ ಮೇಲೆ ಒಂದು ಸಂಜೆ ಗಂಡ ತನ್ನ ಬಡ್ತಿಯ ವಿಷಯ ಹೇಳುತ್ತಿದ್ದಾಗ ಅವಳು ತಡೆದು, “ನಿನ್ನೆ ಈ ಮರದಲ್ಲಿ ಕೂಗ್ತಿದ್ದದ್ದೇ ಬೇರೆ, ಇವತ್ತಿಂದೇ ಬೇರೆ,” ಎಂದಿದ್ದಳು. ಅವರು ತಲೆಯೆತ್ತಿ ನೋಡಿದ್ದರು. ಅಲ್ಲಿಂದ ಶುರುವಾದದ್ದು. ಮುಂದೆ ಅವರು ಪುಸ್ತಕ ತಂದರು, ದುರ್ಬೀನು ತಂದರು, ಹೆಸರು ಕಲಿತರು. ಅವಳಿಗೆ ಕೇಳಿಸುತ್ತಿತ್ತು, ಅವರಿಗೆ ಕಾಣಿಸುತ್ತಿತ್ತು. ಮೊದಮೊದಲು ಅಂಕಣದಲ್ಲಿ ‘ನಾವು ಕಂಡೆವು’ ಎಂದೇ ಬರೆಯುತ್ತಿದ್ದರು. ಆಮೇಲೊಂದು ದಿನ ಅದು ‘ನಾನು ಕಂಡೆ’ ಆಯಿತು. ಅವಳು ಕೇಳಿದ್ದಕ್ಕೆ, “ಸಂಪಾದಕರು ಹಾಗೇ ಇರಲಿ ಅಂದ್ರು, ಓದೋಕೆ ಸಲೀಸಂತೆ,” ಎಂದಿದ್ದರು.

ತೋಳು ಒತ್ತುವುದು ಆರಂಭವಾದದ್ದು ಕೆಲವು ವರ್ಷಗಳ ಹಿಂದೆ, ಮೇಷ್ಟ್ರು ನಿವೃತ್ತರಾದ ಮೇಲೆ. ಗುಂಪಿನವರೇ ‘ಸೂಜಿ’ ಎಂದು ಹೆಸರಿಟ್ಟಿದ್ದ ಹಕ್ಕಿಯೊಂದಿತ್ತು. ಹೆಬ್ಬೆರಳಿಗಿಂತ ತುಸು ದಪ್ಪ, ದನಿ ಮಾತ್ರ ಕಿವಿಗೆ ಸೂಜಿ ಚುಚ್ಚಿದ ಹಾಗೆ ಸಣ್ಣ, ಚೂಪು. ಒಂದು ವಸಂತದ ಬೆಳಗ್ಗೆ ಮೇಷ್ಟ್ರು, “ಈ ವರ್ಷ ಸೂಜಿ ಬಂದೇ ಇಲ್ಲ ಕಣೇ,” ಎಂದರು. ಹಕ್ಕಿ ಅವರ ನೆತ್ತಿಯ ಮೇಲಿನ ಕೊಂಬೆಯಲ್ಲೇ ಕೂತು ಗಂಟಲು ಬಿರಿಯುವ ಹಾಗೆ ಹಾಡುತ್ತಿತ್ತು. ತಮಾಷೆಗೆ ಅನ್ನುತ್ತಿದ್ದಾರೆಂದುಕೊಂಡು ಅವಳು ನಕ್ಕಳು. ಆಮೇಲೆ ಅವರ ಮುಖ ನೋಡಿದಳು. ನಗು ಅಲ್ಲೇ ಇಂಗಿತು. ಮುಂದಿನ ಭಾನುವಾರ, ಎಲ್ಲರ ನಡುವೆ, ಅದೇ ದನಿ ಕೇಳಿಸಿದಾಗ ಅವಳು ಅವರ ತೋಳನ್ನು ಗಟ್ಟಿಯಾಗಿ ಒತ್ತಿ ಹಿಡಿದಳು. ಅವರು ಒಂದು ಕ್ಷಣ ತಡೆದು, “ಸೂಜಿ,” ಎಂದರು. ಮನೆಗೆ ಹೋದ ಮೇಲೂ ಅದರ ಬಗ್ಗೆ ಇಬ್ಬರೂ ಮಾತಾಡಲಿಲ್ಲ. ಒಂದು ಒತ್ತಿದರೆ ನೊಣಹಿಡುಕ, ಎರಡು ಒತ್ತಿದರೆ ಉಲಿಹಕ್ಕಿ, ಒತ್ತಿ ಹಿಡಿದರೆ ಸೂಜಿ. ಹೀಗೆಂದು ಯಾರೂ ಕೂತು ಮಾಡಿದ ಒಪ್ಪಂದವಲ್ಲ, ತಾನಾಗಿಯೇ ಬೆಳೆದುಕೊಂಡಿತು. ಮಾತಾಡುವ ದನಿಗಳೆಲ್ಲ ಅವರಿಗೆ ಚೆನ್ನಾಗಿಯೇ ಕೇಳಿಸುತ್ತಿದ್ದವು. ಸಣ್ಣ ದನಿಗಳಷ್ಟೇ ಒಂದೊಂದಾಗಿ ಹೊರಟುಹೋಗಿದ್ದವು.

ಆ ಭಾನುವಾರ ಗುಂಪಿನಲ್ಲಿ ಹೊಸಬಳೊಬ್ಬಳಿದ್ದಳು. ರೇಡಿಯೋದವಳು. ಕೆರೆಯ ಮೇಲೆ ಕಾರ್ಯಕ್ರಮ ಮಾಡುವುದಕ್ಕೆಂದು ಗುಂಪಿನ ಹಲ್ಲಿನ ಡಾಕ್ಟರು ಅವಳನ್ನು ಕರೆತಂದಿದ್ದಳು. ಹಲ್ಲಿನ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವಳು. ಗುಂಪಿಗೆ ಸೇರಿ ವರ್ಷವೊಂದಾಗಿತ್ತು, ಮೇಷ್ಟ್ರೆಂದರೆ ಪ್ರಾಣ. ರೇಡಿಯೋದವಳ ಕೈಯಲ್ಲಿ ಬೆಕ್ಕಿನ ಬಾಲದ ಹಾಗೆ ತುಪ್ಪಳ ಹೊದಿಸಿದ ಮೈಕು, ಕಿವಿಯ ಮೇಲೆ ದಪ್ಪ ಹೆಡ್‌ಫೋನು. ಅದನ್ನು ನೋಡಿ ಮೇಷ್ಟ್ರ ಹೆಂಡತಿಗೆ ತನ್ನ ಹಳೆಯ ಕುರ್ಚಿ, ಕುರ್ಚಿಯ ಸವೆದ ತೋಳು ನೆನಪಾಯಿತು.

ಕೆರೆ ಒಳಕ್ಕೆ ಚಾಚಿಕೊಂಡ ಮೂಲೆಯಲ್ಲಿ, ಮರಗಳು ದಟ್ಟವಾದ ಜಾಗದಲ್ಲಿ ಎಲ್ಲರೂ ನಿಂತರು. ರೇಡಿಯೋದವಳು ಮೈಕನ್ನು ಮೇಷ್ಟ್ರ ಗದ್ದದ ಹತ್ತಿರ ಹಿಡಿದಳು.

“ಸರ್, ದನಿ ಕೇಳಿಯೇ ಹಕ್ಕಿ ಗುರುತಿಸ್ತೀರಲ್ಲ, ಇದನ್ನ ಹೇಗೆ ಕಲಿತಿರಿ?”

“ಕಲಿಯೋದೇನು ಬಂತಮ್ಮ, ಕಿವಿ ಕೊಡಬೇಕು ಅಷ್ಟೆ. ಎಲ್ಲರೂ ಹಕ್ಕಿ ನೋಡೋದು ಅಂತಾರೆ. ಅಸಲಿಗೆ ಅದು ಹಕ್ಕಿ ಕೇಳೋದು. ಕಣ್ಣು ಆಮೇಲೆ ಬರುತ್ತೆ, ಸಾಕ್ಷಿ ಹೇಳೋಕೆ.”

ರೇಡಿಯೋದವಳ ಮುಖ ಅರಳಿತು. ಮಾತು ಹಿಡಿಸಿತ್ತು. ಆ ಮಾತು ಮೇಷ್ಟ್ರ ಹೆಂಡತಿಯದು. ಮದುವೆಯಾದ ಎರಡನೆಯ ವಸಂತದಲ್ಲಿ ಇದೇ ಏರಿಯ ಮೇಲೆ ಕೂತು, ಕಡಲೆಕಾಯಿ ಸಿಪ್ಪೆ ನೀರಿಗೆಸೆಯುತ್ತ ಅವಳು ಆಡಿದ್ದು. ಅವಳು ಗಂಡನ ಮುಖ ನೋಡಿದಳು. ಕದ್ದವರ ಮುಖವಾಗಿರಲಿಲ್ಲ ಅದು. ಮಾತು ತಮ್ಮದೇ ಎಂದು ಅವರು ಪೂರ್ತಿ ನಂಬಿದ್ದರು.

“ಆಂಟಿ, ನಿಮಗೂ ಹಕ್ಕಿ ಹುಚ್ಚು ಇದೆಯಾ?” ಎಂದು ರೇಡಿಯೋದವಳು ಮೈಕನ್ನು ಈಚೆಗೆ ತಿರುಗಿಸಿದಳು. ಅವಳು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ನಕ್ಕುಬಿಟ್ಟರು.

“ಇವಳಿಗಾ? ಇವಳಿಗೆ ಕಾಗೆ ಯಾವುದು ಕೋಗಿಲೆ ಯಾವುದು ಗೊತ್ತಾಗಲ್ಲಮ್ಮ. ನಾನು ಎಲ್ಲಾದ್ರೂ ಕಾಲು ಜಾರಿ ಕೆರೆಗೆ ಬಿದ್ದೇನು ಅಂತ ಕಾವಲಿಗೆ ಬರ್ತಾಳೆ, ಪಾಪ.”

ಎಲ್ಲರೂ ನಕ್ಕರು. ಔಷಧಿ ಅಂಗಡಿಯವನು, “ಕಾವಲು ಇರಬೇಕು ಬಿಡಿ ಸಾರ್,” ಎಂದು ಇನ್ನಷ್ಟು ನಗಿಸಿದ. ಅವಳೂ ನಕ್ಕಳು. ಇಷ್ಟು ವರ್ಷ ಇಂಥ ಎಷ್ಟೋ ಮಾತಿಗೆ ನಕ್ಕಿದ್ದಳು. ಬಾಯಿಗೆ ಅದು ರೂಢಿಯಾಗಿಹೋಗಿತ್ತು. ನಗುತ್ತಲೇ ಗಂಡನ ತೋಳಿನಿಂದ ಕೈ ತೆಗೆದು ಸ್ವೆಟರಿನ ಜೇಬಿಗೆ ಹಾಕಿಕೊಂಡಳು. ಚಳಿಯೇನೂ ಇರಲಿಲ್ಲ.

ಆಗಲೇ ಸೂಜಿ ಹಾಡಿತು.

ಮೊದಲು ಒಂದೆಳೆ. ಆಮೇಲೆ ಎಳೆಗೆ ಎಳೆ ಸೇರಿ, ಏರುತ್ತ ಏರುತ್ತ ಹೋಗಿ, ತುದಿಯಲ್ಲಿ ಮುರಿಯಿತು. ಮತ್ತೆ ಮೊದಲಿನಿಂದ. ಹಕ್ಕಿ ಮೇಷ್ಟ್ರ ಭುಜಕ್ಕಿಂತ ಒಂದು ಆಳೆತ್ತರ ಮೇಲಿತ್ತು, ಅಷ್ಟೆ. ಗುಂಪಿನವರೆಲ್ಲ ಉಸಿರು ಬಿಗಿಹಿಡಿದು ಮೇಷ್ಟ್ರ ಕಡೆ ನೋಡಿದರು. ಆ ವರ್ಷದ ಮೊದಲ ಸೂಜಿ. ಹೆಸರು ಹೇಳುವುದು ಅವರ ಹಕ್ಕು.

“ಸರ್, ಒಂದು ನಿಮಿಷ,” ಎಂದಳು ರೇಡಿಯೋದವಳು, ಹೆಡ್‌ಫೋನನ್ನು ಕಿವಿಗೊತ್ತಿಕೊಂಡು. “ಏನೋ ತುಂಬ ಸಣ್ಣಗೆ ಬರ್ತಿದೆ. ಇದ್ಯಾವುದು?”

ಮೇಷ್ಟ್ರ ಎಡತೋಳು ಮೈಯಿಂದ ಸ್ವಲ್ಪ ಹೊರಗೆ ಬಾಗಿ, ಹೂಜಿಯ ಹಿಡಿಯ ಹಾಗೆ ಕಾಯುತ್ತಿತ್ತು. ಅವರು ತಲೆ ತಿರುಗಿಸಲಿಲ್ಲ. ಕಣ್ಣಂಚಿನಲ್ಲಿ ಮಾತ್ರ ಒಮ್ಮೆ ಎಡಕ್ಕೆ ನೋಡಿದರು. ಅವಳು ಕೆರೆಯ ನೀರನ್ನು ನೋಡುತ್ತಿದ್ದಳು. ಹಕ್ಕಿ ಮೂರನೆಯ ಸಲ ಹಾಡಿತು.

“ಅದಾ?” ಎಂದರು ಮೇಷ್ಟ್ರು. ಗಂಟಲು ಸರಿಮಾಡಿಕೊಂಡರು. “ಅದು ಹಕ್ಕಿ ಅಲ್ಲಮ್ಮ. ಜೀರುಂಡೆ.”

ಯಾರೂ ಅಲುಗಲಿಲ್ಲ.

“ತುಂಬಾ ಜನ ಮೋಸ ಹೋಗ್ತಾರೆ,” ಎಂದು ಅವರು ಮುಂದುವರಿಸಿದರು. ತರಗತಿಯ ದನಿ ಬಂದುಬಿಟ್ಟಿತ್ತು. “ಬಿಸಿಲು ಏರೋ ಹೊತ್ತಿಗೆ ತೊಗಟೆಯ ಸಂದಿಯಲ್ಲಿ ಕೂತು ರೆಕ್ಕೆ ಉಜ್ಜುತ್ತವೆ. ಹೊಸಬರು ಇದನ್ನೇ ಹಕ್ಕಿ ಅಂತ ಬರ್ಕೊಂಡು ಹೋಗ್ತಾರೆ. ಪಳಗಿದ ಕಿವಿಗೆ ಮಾತ್ರ ವ್ಯತ್ಯಾಸ ತಿಳಿಯೋದು.”

“ಸರ್, ಆದ್ರೆ ಅದು...” ಎಂದು ಹಲ್ಲಿನ ಡಾಕ್ಟರು ಬಾಯಿ ತೆರೆದಳು. ಔಷಧಿ ಅಂಗಡಿಯವನು ಜೋರಾಗಿ ಕೆಮ್ಮಿದ. ಅವಳು ಬಾಯಿ ಮುಚ್ಚಿಕೊಂಡು ತನ್ನ ಬೂಟಿನ ಲೇಸು ನೋಡತೊಡಗಿದಳು. ಮೇಷ್ಟ್ರು ಜೀರುಂಡೆಯ ಬಗ್ಗೆ ಮಾತಾಡುತ್ತಲೇ ಇದ್ದರು. ಅವರ ತಲೆಯ ಮೇಲೆ ಹಕ್ಕಿ ಹಾಡುತ್ತಲೇ ಇತ್ತು.

ಎಕ್ಸ್‌ಚೇಂಜಿನಲ್ಲಿದ್ದಾಗ ಬಾಯಿಗೆ ಬಂದಂತೆ ಬೈಯುವವರ ಲೈನನ್ನು ಅವಳು ತಂತಿ ಎಳೆದು ಕಡಿದುಹಾಕುವುದಿತ್ತು. ಎಳೆದ ಆ ಕ್ಷಣ ಹಾಯೆನಿಸುತ್ತಿತ್ತು. ಈಗಲೂ ಮೊದಲಿಗೆ ಹಾಗೇ ಅನ್ನಿಸಿತು. ಆದರೆ ಅಲ್ಲಿ ಕಡಿದವರ ಮುಖ ಕಾಣುತ್ತಿರಲಿಲ್ಲ. ಇಲ್ಲಿ ಮಾತಿನ ನಡುವೆ ಗಂಡನ ಕಣ್ಣು ಒಬ್ಬೊಬ್ಬರ ಮುಖದ ಮೇಲೂ ಹೋಗಿ, ಯಾಕೆ ಯಾರೂ ತಲೆಯಾಡಿಸುತ್ತಿಲ್ಲ ಎಂದು ಹುಡುಕುತ್ತಿದ್ದದ್ದು ಕಾಣುತ್ತಿತ್ತು. ಕೈ ಹೊರಗೆ ತೆಗೆದು ಒಮ್ಮೆ ಒತ್ತಿದ್ದರೆ ಸಾಕಿತ್ತು. ಇನ್ನೂ ಸಮಯವಿತ್ತು. ಅವಳು ಜೇಬಿನೊಳಗೆ ಮುಷ್ಟಿ ಬಿಗಿಹಿಡಿದುಕೊಂಡೇ ನಿಂತಳು.

ಮನೆಗೆ ಬಂದ ಮೇಷ್ಟ್ರು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತು ಒಂದು ಬೂಟು ಬಿಚ್ಚಿದರು. ಇನ್ನೊಂದಕ್ಕೆ ಕೈ ಹಾಕಿದವರು ಹಾಗೇ ಉಳಿದರು.

“ಅಲ್ಲಿ ಸೂಜಿ ಹಾಡ್ತಿತ್ತಾ?”

ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಇಷ್ಟು ವರ್ಷಗಳಲ್ಲಿ ಆ ವಿಷಯ ಮಾತಾಗಿ ಹೊರಬಿದ್ದದ್ದು ಅದೇ ಮೊದಲು.

“ನೀನ್ಯಾಕೆ ಹೇಳ್ಲಿಲ್ಲ?” ಎಂದರು. ಸಿಟ್ಟಿನ ದನಿಯಲ್ಲ. ಊರಿಗೆ ಹೊಸಬನೊಬ್ಬ ದಾರಿ ಕೇಳಿದ ಹಾಗಿತ್ತು.

ಏರಿಯ ಉದ್ದಕ್ಕೂ ಅವಳು ಉತ್ತರವನ್ನು ಮಸೆದುಕೊಂಡೇ ಬಂದಿದ್ದಳು. ಕಾಗೆ ಯಾವುದು ಕೋಗಿಲೆ ಯಾವುದು ಗೊತ್ತಿಲ್ಲದವಳನ್ನ ಕೇಳ್ತೀರಲ್ಲ ಎನ್ನಬೇಕೆಂದಿದ್ದಳು. ಆ ಒಂದೇ ಬೂಟಿನಲ್ಲಿ ಕೂತಿದ್ದ ಮನುಷ್ಯನನ್ನು ನೋಡಿ ಅದು ಬಾಯಿಗೆ ಬರಲಿಲ್ಲ.

“ನನಗೂ ಕೇಳಿಸ್ಲಿಲ್ಲ ರೀ,” ಎಂದಳು.

ಮೇಷ್ಟ್ರು ತಲೆಯೆತ್ತಿದರು. ಅವರು ಬೇಜಾರು ಮಾಡಿಕೊಳ್ಳುತ್ತಾರೆ, ಗಾಬರಿಯಾಗುತ್ತಾರೆ, ಬಹುಶಃ ಅಳುತ್ತಾರೆ ಎಂದುಕೊಂಡಿದ್ದಳು. ಅವರ ಮುಖದಲ್ಲಿ ಎಷ್ಟೋ ವರ್ಷಗಳಿಂದ ಬಿಗಿದಿದ್ದ ಏನೋ ಒಂದು ಸಡಿಲವಾಯಿತು. ಗೆಲುವು ಬಂತು. ಹೌದು, ಗೆಲುವೇ.

“ನಿನಗೂ ಹೋಯ್ತಾ!” ಎಂದರು. ಎದ್ದು ಬಂದು, ಒಂದು ಕಾಲಿಗೆ ಬೂಟು ಇನ್ನೊಂದಕ್ಕೆ ಬರೀ ಕಾಲುಚೀಲ, ಅವಳ ಎರಡೂ ಕಿವಿಗಳನ್ನು ಅಂಗೈಗಳಲ್ಲಿ ಹಿಡಿದುಕೊಂಡರು. “ಯಾಕೆ ಹೇಳ್ಲಿಲ್ಲ ಇಷ್ಟು ದಿನ? ಒಬ್ಬಳೇ ನುಂಗ್ಕೊಂಡು ಇದ್ದೆಯಾ? ಹುಚ್ಚಿ. ವಯಸ್ಸಾದ್ಮೇಲೆ ಎಲ್ಲರಿಗೂ ಆಗೋದೇ ಇದು.”

ಅವತ್ತು ಚಹಾ ಅವರೇ ಮಾಡಿದರು. ಸಕ್ಕರೆ ಹೆಚ್ಚಾಗಿತ್ತು. ಅವಳು ಕುಡಿದಳು.

ಮುಂದಿನ ಭಾನುವಾರ ಅವಳು ನೆಗಡಿಯೆಂದು ಮನೆಯಲ್ಲೇ ಉಳಿದಳು. ಮೇಷ್ಟ್ರು ಒಬ್ಬರೇ ಕೆರೆಯ ಗೇಟಿನವರೆಗೆ ಹೋಗಿ, ಗುಂಪಿನವರನ್ನೆಲ್ಲ ಸುತ್ತ ನಿಲ್ಲಿಸಿಕೊಂಡು ಹೇಳಿ ಬಂದರು. ಬಂದು ಅವಳಿಗೂ ಅದನ್ನೇ ಹೇಳಿದರು, ಮುಚ್ಚುಮರೆಯಿಲ್ಲದೆ.

“ಹೇಳಿಬಿಟ್ಟೆ ಕಣೇ. ಇನ್ಮೇಲೆ ನಾನು ಪ್ರತಿ ವಾರ ಬರೋಕಾಗಲ್ಲ, ಇವಳ ಕಿವಿ ಮಂದವಾಗಿದೆ, ಒಬ್ಬಳನ್ನೇ ಮನೇಲಿ ಬಿಟ್ಟು ಬರೋಕೆ ಮನಸ್ಸಾಗಲ್ಲ ಅಂತ. ಅವತ್ತು ಕೂಡ ಇವಳದೇ ಯೋಚನೆಯಲ್ಲಿದ್ದೆ, ಗಮನ ಎಲ್ಲೋ ಇತ್ತು, ಏನೋ ಅಂದುಬಿಟ್ಟೆ ಅಂದೆ. ಎಲ್ಲರೂ ತುಂಬಾ ನೊಂದ್ಕೊಂಡ್ರು.”

ಅವಳು ಪಾತ್ರೆ ಒರೆಸುತ್ತಿದ್ದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

ಊರು ಚಿಕ್ಕದು. ಹದಿನೈದು ದಿನ ಕಳೆಯುವಷ್ಟರಲ್ಲಿ ತರಕಾರಿಯವನು ಬೀನ್ಸಿನ ದರವನ್ನು ಕೂಗಿ ಹೇಳತೊಡಗಿದ. ಪಕ್ಕದ ಮನೆಯಾಕೆ ಕೈಬಾಯಿ ತಿರುಗಿಸಿ ಮೂಕರೊಡನೆ ಆಡುವಂತೆ ಮಾತಾಡಿಸಿದಳು. ಔಷಧಿ ಅಂಗಡಿಯವನು ಅವಳನ್ನು ಕಂಡಕೂಡಲೇ ಅಂಗಡಿಯ ರೇಡಿಯೋ ನಿಲ್ಲಿಸಿ, ಕೌಂಟರಿನ ಮೇಲೆ ಬಾಗಿ, “ಊಟ ಆದ್ಮೇಲೆ ಒಂದು! ಆಂಟಿ, ಊಟ! ಆದ್ಮೇಲೆ!” ಎಂದು ಬೀದಿಗೆಲ್ಲ ಕೇಳುವಂತೆ ಕಿರುಚಿದ. ಬೇರೆ ಊರಿನಲ್ಲಿದ್ದ ಮಗಳು ಫೋನಿನಲ್ಲಿ ಅಪ್ಪನ ಜೊತೆ ಮೊದಲು ಮಾತಾಡಿ, ಆಮೇಲೆ, “ಅಮ್ಮಾ! ನಾನಮ್ಮಾ! ಕೇಳಿಸ್ತಿದೆಯಾ?” ಎಂದು ಗಂಟಲು ಹರಿದುಕೊಂಡಳು. ಅವಳು ಫೋನನ್ನು ಕಿವಿಯಿಂದ ದೂರ ಹಿಡಿದು, “ಕೇಳಿಸ್ತಿದೆ ಕಣಮ್ಮ,” ಎಂದಳು. ಆ ಕಡೆ ಮಗಳು ಗಂಡನಿಗೆ ಮೆಲ್ಲಗೆ, “ಪಾಪ, ಕೇಳಿಸ್ತಿದೆ ಅಂತಾಳೆ,” ಎಂದದ್ದೂ ಕೇಳಿಸಿತು.

ರೇಡಿಯೋ ಕಾರ್ಯಕ್ರಮ ಬಂದದ್ದು ಬೇಸಗೆಯ ಒಂದು ಬೆಳಗ್ಗೆ. ಮೇಷ್ಟ್ರು ಶರ್ಟಿಗೆ ಇಸ್ತ್ರಿ ಹಾಕಿಕೊಂಡು ರೇಡಿಯೋದ ಮುಂದೆ ಕೂತರು. ಅವಳಿಗೆಂದು ದನಿಯನ್ನು ಪೂರ್ತಿ ಏರಿಸಿದರು. ಜೀರುಂಡೆಯ ಮಾತನ್ನು ರೇಡಿಯೋದವಳು ಕತ್ತರಿಸಿದ್ದಳು, ಒಳ್ಳೆಯ ಹುಡುಗಿ. ಆದರೆ ‘ಅಸಲಿಗೆ ಅದು ಹಕ್ಕಿ ಕೇಳೋದು’ ಎಂದು ಮೇಷ್ಟ್ರು ಹೇಳುವಾಗ ಅದರ ಹಿಂದೆ, ಅಲಂಕಾರಕ್ಕೆಂದು, ಅವತ್ತಿನ ಸೂಜಿಯ ಹಾಡನ್ನೇ ಸೇರಿಸಿದ್ದಳು. ಎಳೆಗೆ ಎಳೆ ಸೇರಿ ಏರುತ್ತ ಹೋಗುವ ಆ ದನಿ ಕೋಣೆಯ ತುಂಬ ತುಂಬಿಕೊಂಡಿತು. ಮೇಷ್ಟ್ರು ಮೊಣಕಾಲಿನ ಮೇಲೆ ಬೆರಳಾಡಿಸುತ್ತ ತಮ್ಮ ಮಾತನ್ನೇ ಕೇಳಿಕೊಳ್ಳುತ್ತಿದ್ದರು.

“ಹೇಗಿದೆ? ಹಿಂದೆ ಏನೂ ಹಾಕಿಲ್ಲ ನೋಡು, ಬರೀ ಮಾತು. ಹಾಗೇ ಚೆನ್ನ,” ಎಂದರು.

ಅವಳು ರೇಡಿಯೋ ಆರಿಸಿದಳು.

“ರೀ, ನನಗೆ ಕೇಳಿಸುತ್ತೆ. ಎಲ್ಲಾ ಕೇಳಿಸುತ್ತೆ. ಅವತ್ತೂ ಕೇಳಿಸಿತ್ತು. ನಾನು ಸುಳ್ಳು ಹೇಳಿದ್ದು.”

ಮೇಷ್ಟ್ರು ಅವಳನ್ನು ನೋಡಿದರು. ಆಮೇಲೆ ನಿಧಾನವಾಗಿ, ಬಹಳ ಪ್ರೀತಿಯಿಂದ ನಕ್ಕರು.

“ನಾನೂ ಹೀಗೇ ಅಂದ್ಕೋತಿದ್ದೆ ಕಣೇ. ಎಲ್ಲಾ ಕೇಳಿಸುತ್ತೆ, ಹಕ್ಕಿಗಳೇ ಕಡಿಮೆಯಾಗಿವೆ ಅಂತ. ಒಪ್ಕೊಳ್ಳೋಕೆ ಟೈಮ್ ಬೇಕು.”

“ಬೇಕಾದ್ರೆ ಡಾಕ್ಟರ ಹತ್ರ ಹೋಗೋಣ. ಇಬ್ಬರೂ ಪರೀಕ್ಷೆ ಮಾಡಿಸ್ಕೊಳ್ಳೋಣ.”

“ಹೋದ್ರೆ ಏನ್ಮಾಡ್ತಾನೆ, ಕಿವಿಗೊಂದು ಮೆಷಿನ್ ಸಿಕ್ಕಿಸ್ತಾನೆ. ಅದನ್ನ ಹಾಕ್ಕೊಂಡು ಆ ಗುಂಪಿನ ಮುಂದೆ ನಿಂತ್ಕೊಳ್ಲಾ? ಬೇಡ ಬಿಡು. ಈಗ ಹೇಗೂ ಇಬ್ಬರೂ ಒಂದೇ ಆದ್ವಲ್ಲ.” ಅವಳ ಕೈ ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. “ನಿಜ ಹೇಳಲಾ? ನೀನು ತೋಳು ಒತ್ತುತ್ತಿದ್ದೆಯಲ್ಲ, ಆಗೆಲ್ಲ ನನಗೆ ಮೈಯೆಲ್ಲ ಹಿಡಿಯಾಗೋದು. ಯಾವಾಗ ಒತ್ತಲ್ವೋ, ಯಾವಾಗ ಬಿಡ್ತೀಯೋ ಅಂತ. ಈಗ ಆ ಭಯ ಇಲ್ಲ.”

ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಆಮೇಲೆ ಆ ಮಾತನ್ನೂ ಎತ್ತಲಿಲ್ಲ. ಊರಿನವರಿಗೆ ಹೇಳಬಹುದಿತ್ತು. ಆದರೆ ತನಗೆ ಕೇಳಿಸುತ್ತದೆ ಎಂದರೆ, ಅವತ್ತೇಕೆ ಸುಮ್ಮನಿದ್ದೆ ಎನ್ನುತ್ತಾರೆ; ಅದಕ್ಕೆ ಉತ್ತರ ಕೊಟ್ಟರೆ ಅದರ ಹಿಂದಿನ ವರ್ಷಗಳೆಲ್ಲ ಬಿಚ್ಚಿಕೊಳ್ಳುತ್ತವೆ. ಕೂಗಿ ಮಾತಾಡುವವರಿಗೆ ತಲೆಯಾಡಿಸುವುದು ಅದಕ್ಕಿಂತ ಸುಲಭವಾಗಿತ್ತು. ಎಷ್ಟು ಸುಲಭವೆಂದರೆ, ಕೆಲವೊಮ್ಮೆ ಬೇಡದ ಮಾತಿಗೆ ಅವಳೇ ಕಿವುಡಿಯಾಗುತ್ತಿದ್ದಳು.

ಮತ್ತೆ ಮರಗಳು ಚಿಗುರಿದವು. ಹಲ್ಲಿನ ಡಾಕ್ಟರು ಒಂದು ಸಂಜೆ ಮನೆಗೆ ಬಂದಳು. ಈಗ ಗುಂಪನ್ನು ನಡೆಸುತ್ತಿದ್ದವಳು ಅವಳೇ. ಮೇಷ್ಟ್ರು ಕೊಟ್ಟ ಹಳೆಯ ಪುಸ್ತಕಗಳನ್ನು ಎದೆಗೊತ್ತಿಕೊಂಡು, “ಒಂದು ಭಾನುವಾರ ಬನ್ನಿ ಸರ್, ನಾನೇ ಕಾರಲ್ಲಿ ಕರ್ಕೊಂಡು ಹೋಗ್ತೀನಿ, ಇಬ್ಬರನ್ನೂ,” ಎಂದಳು. ಮೇಷ್ಟ್ರು ಇನ್ನೊಂದು ಪುಸ್ತಕ ಹುಡುಕಲು ಒಳಗೆ ಹೋದರು. ಮೇಷ್ಟ್ರ ಹೆಂಡತಿ ಕಿಟಕಿಯ ಹತ್ತಿರ ಬೆನ್ನು ತಿರುಗಿಸಿ ನಿಂತು ಗಿಡಕ್ಕೆ ನೀರು ಹಾಕುತ್ತಿದ್ದಳು.

“ಆಂಟಿ,” ಎಂದಳು ಹುಡುಗಿ ಹಿಂದಿನಿಂದ, ಪಿಸುಮಾತಿಗಿಂತ ತುಸುವೇ ಮೇಲಿನ ದನಿಯಲ್ಲಿ. “ಅವತ್ತು ನಿಮಗೆ ಕೇಳಿಸಿತ್ತು ಅಲ್ವಾ? ಅದಕ್ಕೆ ಮೊದಲೂ ನೀವೇ ಅಲ್ವಾ? ನಾನು ಯಾರಿಗೂ ಹೇಳಲ್ಲ. ಸುಮ್ಮನೆ ಒಂದ್ಸಲ ತಿರುಗಿ ನೋಡಿ ಸಾಕು.”

ನೀರು ಕುಂಡದ ಅಂಚಿನವರೆಗೆ ಬಂದಿತ್ತು. ಅವಳು ಇನ್ನಷ್ಟು ಹಾಕಿದಳು. ಅದು ಉಕ್ಕಿ ಕಿಟಕಿಯ ಕಟ್ಟೆಯ ಮೇಲಿಂದ ಹರಿದು ನೆಲಕ್ಕೆ ತೊಟ್ಟಿಕ್ಕಿತು. ಒಳಗಿನಿಂದ ಮೇಷ್ಟ್ರು, “ಸಿಕ್ತು, ಸಿಕ್ತು!” ಎನ್ನುತ್ತ ಬಂದರು. ಆಗ ಅವಳು ತಿರುಗಿ, ಹುಡುಗಿಯನ್ನು ಈಗಷ್ಟೇ ಕಂಡವಳ ಹಾಗೆ, “ಏನಾದ್ರೂ ಅಂದೆಯಾ ಮಗಾ?” ಎಂದಳು. ಹುಡುಗಿ ತಲೆ ಅಲ್ಲಾಡಿಸಿ, ಜೋರಾಗಿ, “ಇಲ್ಲ ಆಂಟಿ!” ಎಂದಳು.

ಆ ಭಾನುವಾರ ಕಾರು ಬಂತು. ಕೆರೆಯ ಗೇಟಿನಲ್ಲಿ ಇಳಿದಾಗಲೇ ಅವಳಿಗೆ ಅದು ಕೇಳಿಸಿತು. ನೊಣಹಿಡುಕ ಅಲ್ಲ, ಉಲಿಹಕ್ಕಿಯಲ್ಲ, ಸೂಜಿಯೂ ಅಲ್ಲ. ಇಷ್ಟು ವರ್ಷಗಳಲ್ಲಿ ಈ ನೀರಿನ ಮೇಲೆ ಒಮ್ಮೆಯೂ ಕೇಳದ ದನಿ. ಗಾಜಿನ ಲೋಟದ ಬಾಯಿಗೆ ಒದ್ದೆ ಬೆರಳು ಆಡಿಸಿದ ಹಾಗೆ ಸುತ್ತಿ ಸುತ್ತಿ ಬರುತ್ತಿತ್ತು. ಯಾವುದೋ ಹಕ್ಕಿ ದಾರಿ ತಪ್ಪಿ ಇಲ್ಲಿ ಇಳಿದುಬಿಟ್ಟಿತ್ತು. ಗಂಡನ ತೋಳಿನೊಳಗಿದ್ದ ಅವಳ ಬೆರಳುಗಳು ಅಲುಗಲಿಲ್ಲ. ಇದಕ್ಕೆ ಯಾವ ಒತ್ತೂ ಇರಲಿಲ್ಲ.

ಹಲ್ಲಿನ ಡಾಕ್ಟರಿಗೆ ಅದು ಕೇಳಿಸಿದ್ದು ಏರಿಯ ಅರ್ಧ ದಾರಿ ನಡೆದ ಮೇಲೆ. ಅವಳು ಥಟ್ಟನೆ ನಿಂತು ಕೈ ಎತ್ತಿದಳು. ಎಲ್ಲರೂ ನಿಂತರು. ಅವಳ ಮುಖ ಬಿಳಿಚಿಕೊಂಡಿತ್ತು. ಸದ್ದಿಲ್ಲದೆ ಎದುರಿನ ಮರದ ತುದಿಗೆ ಬೆರಳು ತೋರಿಸಿದಳು. ಆಮೇಲೆ ಎರಡೂ ಕೈ ಅಗಲಿಸಿ, ಗೊತ್ತಿಲ್ಲ, ಹೊಸದು ಎಂದು ಸನ್ನೆ ಮಾಡಿದಳು. ಔಷಧಿ ಅಂಗಡಿಯವನು ಕ್ಯಾಮೆರಾ ಎತ್ತಿದ. ಹಕ್ಕಿ ಇನ್ನೂ ಎಲೆಯ ಮರೆಯಲ್ಲಿತ್ತು. ಹಾಡು ನಿಲ್ಲದೆ ಬರುತ್ತಿತ್ತು.

ಮೇಷ್ಟ್ರು ಎಲ್ಲರ ಮುಖ ನೋಡಿದರು, ಬೆರಳು ತೋರಿದ ಕಡೆ ನೋಡಿದರು. ಆಮೇಲೆ ಹೆಂಡತಿಯ ಕಡೆ ತಿರುಗಿದರು. ಅವಳು ನೆಲ ನೋಡುತ್ತಿದ್ದಳು. ಎಲ್ಲರೂ ಸವಿಯುತ್ತಿರುವುದು ಇವಳೊಬ್ಬಳಿಗೆ ತಪ್ಪಿಹೋಗುತ್ತಿದೆಯಲ್ಲ ಎಂಬ ಸಂಕಟ ಅವರ ಮುಖದಲ್ಲಿ ನಿಜವಾಗಿಯೂ ಇತ್ತು. ಅವರು ಬಾಗಿ ಅವಳ ಕಿವಿಯ ಹತ್ತಿರ ಬಾಯಿ ತಂದು, ಇಡೀ ಕೆರೆಗೆ ಕೇಳುವಂತೆ ಕೂಗಿದರು:

“ಹಾಡ್ತಾ ಇದೆಯಂತೆ ಕಣೇ! ಅಲ್ಲಿ! ಹೊಸಾ ಹಕ್ಕಿ!”

ಹಾಡು ಕತ್ತರಿಸಿದ ಹಾಗೆ ನಿಂತಿತು. ಎಲೆಗಳ ನಡುವಿನಿಂದ ಏನೋ ಒಂದು ಹಳದಿ ಮಿಂಚಿ, ನೀರಿನ ಮೇಲೆ ತಗ್ಗಿ ಹಾರಿ, ಆಚೆ ದಡದ ಕಾಡಿನ ಮೇಲಕ್ಕೆ ಏರಿ ಕಾಣದಾಯಿತು. ಔಷಧಿ ಅಂಗಡಿಯವನು ಕ್ಯಾಮೆರಾ ಇಳಿಸಿದ. ಹಲ್ಲಿನ ಡಾಕ್ಟರು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು.

ಮೇಷ್ಟ್ರು ಕತ್ತೆತ್ತಿ ಆ ಮರದ ತುದಿಯನ್ನೇ ನೋಡುತ್ತಿದ್ದರು. ಕಣ್ಣು ಅರೆಮುಚ್ಚಿತ್ತು. ಕೇಳುವವರ ಮುಖ ಹೇಗಿರಬೇಕೋ ಹಾಗೆಯೇ ಇತ್ತು ಅವರ ಮುಖ.

“ಕೇಳಿಸ್ತಾ?” ಎಂದರು.

ಅವಳು ಹೌದೆಂದು ತಲೆಯಾಡಿಸಿದಳು.

“ನನಗೂ,” ಎಂದರು ಮೇಷ್ಟ್ರು, ಮೆಲ್ಲಗೆ.

ಗುಂಪಿನವರು ಒಬ್ಬೊಬ್ಬರಾಗಿ ಬೇರೆ ಕಡೆ ತಿರುಗಿಕೊಂಡರು. ಅವಳು ಗಂಡನ ಪಕ್ಕದಲ್ಲಿ ನಿಂತು ಕತ್ತೆತ್ತಿದಳು. ಎದುರಿನ ಕೊಂಬೆ ಇನ್ನೂ ಸ್ವಲ್ಪ ತೂಗುತ್ತಿತ್ತು. ಅದು ಪೂರ್ತಿ ನಿಲ್ಲುವವರೆಗೂ ಇಬ್ಬರೂ ಅದನ್ನೇ ನೋಡುತ್ತ ನಿಂತಿದ್ದರು.